ತಂದೆಯವರು ಉಯಿಲು ಬರೆಯದೆ ತೀರಿಕೊಂಡಿದ್ದಾರೆ: ಮೈಸೂರಿನ ಮನೆ, ಊರಿನ ಮೂರು ಎಕರೆ ಮತ್ತು ತಂಗಿಯ ಹಕ್ಕು ಬಿಡುಗಡೆ ಪತ್ರದ ಬಗ್ಗೆ ಸಲಹೆ ಬೇಕು

ಒಂಟಿಕೊಪ್ಪಲಿನವ

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು 2018ರಲ್ಲಿ ಉಯಿಲು ಬರೆಯದೆ ತೀರಿಕೊಂಡರು. ಅವರು 1988ರಲ್ಲಿ ತಮ್ಮ ಸಂಬಳದ ಹಣದಿಂದ ಮೈಸೂರಿನಲ್ಲಿ ಮೂವತ್ತು ನಲವತ್ತರ ನಿವೇಶನ ಕೊಂಡು, ಆಮೇಲೆ ಮನೆ ಕಟ್ಟಿಸಿದ್ದರು. ಇದಲ್ಲದೆ ಕೃಷ್ಣರಾಜಪೇಟೆ ತಾಲ್ಲೂಕಿನಲ್ಲಿ ತಾತನ ಕಾಲದ ಮೂರು ಎಕರೆ ಜಮೀನಿದೆ. ತಾಯಿಯವರಿಗೆ ಈಗ 71 ವರ್ಷ. ಮಕ್ಕಳು ನಾವು ಮೂವರು: ನಾನು ಹಿರಿಯವನು, ತಮ್ಮ ಕ್ಯಾಲಿಫೋರ್ನಿಯದಲ್ಲಿದ್ದಾನೆ, ತಂಗಿಗೆ 2003ರಲ್ಲಿ ಮದುವೆಯಾಗಿ ಹಾಸನದಲ್ಲಿದ್ದಾಳೆ.

ಮನೆಯ ಖಾತೆ ಈಗ ತಾಯಿಯವರ ಹೆಸರಿನಲ್ಲಿದೆ. ಜಮೀನಿನ ಪಹಣಿಯಲ್ಲಿ ಇನ್ನೂ ತಂದೆಯವರ ಹೆಸರೇ ಇದೆ. ಇಡೀ ಮನೆಯನ್ನು ನಮ್ಮಿಬ್ಬರು ಗಂಡುಮಕ್ಕಳ ಹೆಸರಿಗೆ ಉಯಿಲು ಬರೆದಿಡಬೇಕೆಂಬುದು ತಾಯಿಯವರ ಆಸೆ. ತಂಗಿ ಮನಃಪೂರ್ವಕವಾಗಿ ಹಕ್ಕು ಬಿಟ್ಟುಕೊಡುತ್ತೇನೆ ಎಂದಿದ್ದಾಳೆ. ಅವಳಿಂದ ಒಂದು ಹಕ್ಕು ಬಿಡುಗಡೆ ಪತ್ರ ಮಾಡಿಸಿಕೊಂಡರೆ ಎರಡು ಸ್ವತ್ತುಗಳಿಗೂ ಸಾಕೆಂದು ಪತ್ರ ಬರಹಗಾರರು ಹೇಳಿದ್ದಾರೆ. ಇಷ್ಟು ಮಾಡಿದರೆ ಮುಂದೆ ತೊಂದರೆ ಬಾರದೆ? ತಮ್ಮನು ಊರಿಗೆ ಬಾರದೆ ಅಲ್ಲಿಂದಲೇ ಸಹಿ ಮಾಡಬಹುದೆ? ನಮ್ಮಲ್ಲಿ ಜಗಳವೇನೂ ಇಲ್ಲ, ಇರುವಾಗಲೇ ಎಲ್ಲವನ್ನೂ ಸರಿಮಾಡಿಕೊಳ್ಳಬೇಕೆಂಬ ಇಚ್ಛೆಯಿಂದ ಕೇಳುತ್ತಿದ್ದೇನೆ.

ಹೇಮಾವತಿ ದಂಡೆ

ನನಗೆ ತಿಳಿದಂತೆ ಹೆಣ್ಣುಮಕ್ಕಳಿಗೆ ಆಸ್ತಿಯಲ್ಲಿ ಸಮಪಾಲು ಬಂದದ್ದು 2005ರ ತಿದ್ದುಪಡಿಯಿಂದ. ನಿಮ್ಮ ತಂಗಿಯ ಮದುವೆ ಅದಕ್ಕೂ ಮೊದಲೇ ಆಗಿರುವುದರಿಂದ ಅವರಿಗೆ ಪಾಲು ಬರುವುದಿಲ್ಲ. ನಮ್ಮ ಊರಿನಲ್ಲಿ ಹೀಗೆಯೇ ಪಾಲು ಮಾಡಿಕೊಂಡಿದ್ದಾರೆ. ಬಿಡುಗಡೆ ಪತ್ರವೂ ಬೇಕಾಗಲಾರದು.

ಸಿವಿಲ್ ವಕೀಲೆ, ಮಂಡ್ಯ

ಮೇಲಿನ ಉತ್ತರ ಎರಡು ಕಾರಣಗಳಿಂದ ಸರಿಯಲ್ಲ. ಈ ತಿಳಿವಳಿಕೆ ನಮ್ಮ ಭಾಗದಲ್ಲಿ ಬಹಳ ಹರಡಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲನೆಯದಾಗಿ, 2005ರ ತಿದ್ದುಪಡಿ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಗೆ ಸಂಬಂಧಿಸಿದ್ದು. ತಂದೆ ತನ್ನ ದುಡಿಮೆಯಿಂದ ಕೊಂಡ ಸ್ವತ್ತಿಗೂ ಆ ತಿದ್ದುಪಡಿಗೂ ಸಂಬಂಧವೇ ಇಲ್ಲ. ಸ್ವಯಾರ್ಜಿತ ಆಸ್ತಿಯುಳ್ಳ ಹಿಂದೂ ಪುರುಷ ಉಯಿಲು ಬರೆಯದೆ ತೀರಿಕೊಂಡರೆ ಮಗ, ಮಗಳು, ಹೆಂಡತಿ ಮತ್ತು ತಾಯಿ ಸಮನಾಗಿ ಹಕ್ಕುದಾರರಾಗುತ್ತಾರೆಂದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 8ನೇ ಕಲಮು ಮೊದಲ ದಿನದಿಂದಲೂ ಹೇಳುತ್ತ ಬಂದಿದೆ. ಮಗಳಿಗೆ ಮದುವೆಯಾಗಿದೆಯೇ, ಯಾವ ವರ್ಷ ಆಯಿತು ಎಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಎರಡನೆಯದಾಗಿ, ಪಿತ್ರಾರ್ಜಿತ ಆಸ್ತಿಯ ವಿಷಯದಲ್ಲಿಯೂ ಮದುವೆಯ ದಿನಾಂಕದ ಮಾತು ಈಗ ಉಳಿದಿಲ್ಲ. ಕರ್ನಾಟಕದ ತಿದ್ದುಪಡಿ 30 ಜುಲೈ 1994ರಿಂದ ಜಾರಿಗೆ ಬಂದಾಗ, ಅದಕ್ಕೂ ಮೊದಲೇ ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. ಜನರ ಮನಸ್ಸಿನಲ್ಲಿ ಉಳಿದಿರುವುದು ಆ ನಿಯಮ. 9 ಸೆಪ್ಟೆಂಬರ್ 2005ರ ಕೇಂದ್ರದ ತಿದ್ದುಪಡಿಯಲ್ಲಿ ಆ ಭೇದವಿಲ್ಲ. ಮಗಳು ಹುಟ್ಟಿನಿಂದಲೇ ಮಗನಂತೆ ಸಹದಾಯಾದಳು, ಅಂದರೆ ಅವಿಭಕ್ತ ಆಸ್ತಿಯಲ್ಲಿ ಪಾಲುದಾರಳು, ತಂದೆ ಆ ದಿನ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಸರ್ವೋಚ್ಚ ನ್ಯಾಯಾಲಯ ವಿನೀತಾ ಶರ್ಮಾ ಪ್ರಕರಣದಲ್ಲಿ 11 ಆಗಸ್ಟ್ 2020ರಂದು ತೀರ್ಪು ನೀಡಿದೆ. 20 ಡಿಸೆಂಬರ್ 2004ಕ್ಕೆ ಮೊದಲು ನೋಂದಾಯಿತ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಆಗಿರುವ ಪಾಲುಗಳನ್ನು ಮಾತ್ರ ಕಾಯ್ದೆ ಕದಲಿಸುವುದಿಲ್ಲ.

ಒಂಟಿಕೊಪ್ಪಲಿನವರೇ, ಲೆಕ್ಕ ಹೇಳುವ ಮೊದಲು ನನಗೆ ಮೂರು ವಿಷಯ ತಿಳಿಯಬೇಕು. ತಂದೆಯವರು ತೀರಿಕೊಂಡಾಗ ಅವರ ತಾಯಿ, ಅಂದರೆ ನಿಮ್ಮ ಅಜ್ಜಿ, ಬದುಕಿದ್ದರೆ? ಊರಿನ ಜಮೀನು ತಾತನವರಿಗೆ ಹೇಗೆ ಬಂತು? ತಂದೆಯವರಿಗೆ ಒಡಹುಟ್ಟಿದವರು ಇದ್ದಾರೆಯೆ?

ಒಂಟಿಕೊಪ್ಪಲಿನವ

ಮೇಡಂ, ಧನ್ಯವಾದ. ಅಜ್ಜಿ ಬದುಕಿದ್ದರು, 2020ರಲ್ಲಿ ತೀರಿಕೊಂಡರು, ಅವರೂ ಉಯಿಲು ಬರೆದಿರಲಿಲ್ಲ. ಜಮೀನನ್ನು ತಾತನವರು 1962ರಲ್ಲಿ ಕ್ರಯಕ್ಕೆ ಕೊಂಡಿದ್ದರು, ಆ ಕ್ರಯಪತ್ರ ನಮ್ಮ ಬಳಿ ಇದೆ. ಅವರು 1978ರಲ್ಲಿ ಕಾಲವಾದರು. ಆಗ ಮುತ್ತಜ್ಜಿ ಇರಲಿಲ್ಲ. ಆಮೇಲೆ ಪೌತಿ ಖಾತೆ (ತೀರಿಕೊಂಡವರ ಖಾತೆಯ ವಾರಸು ಬದಲಾವಣೆ) ನಮ್ಮ ತಂದೆಯವರೊಬ್ಬರ ಹೆಸರಿಗೆ ಆಯಿತು. ತಂದೆಯವರಿಗೆ ಗಂಡು ಒಡಹುಟ್ಟುಗಳಿಲ್ಲ. ಇಬ್ಬರು ಸೋದರತ್ತೆಯರಿದ್ದಾರೆ, ಇಬ್ಬರೂ ಮದುವೆಯಾಗಿ ಬೇರೆ ಊರುಗಳಲ್ಲಿದ್ದಾರೆ. ಅವರಿಗೂ ಈ ವಿಷಯಕ್ಕೂ ಏನು ಸಂಬಂಧ ಎಂಬುದು ತಿಳಿಯಲಿಲ್ಲ.

ಸಿವಿಲ್ ವಕೀಲೆ, ಮಂಡ್ಯ

ಸಂಬಂಧ ಬಹಳವಿದೆ, ಸಮಾಧಾನದಿಂದ ಓದಿ.

ಮೊದಲು ಮನೆ. 2018ರಲ್ಲಿ ತಂದೆಯವರ ವಾರಸುದಾರರು ಐವರು: ನಿಮ್ಮ ತಾಯಿ, ನೀವು ಮೂವರು ಮಕ್ಕಳು, ಅಜ್ಜಿ. ಪ್ರತಿಯೊಬ್ಬರಿಗೂ ಐದನೆಯ ಒಂದು ಪಾಲು. ತೀರಿಕೊಂಡವರ ತಾಯಿಯೂ ಮೊದಲ ದರ್ಜೆಯ ವಾರಸುದಾರಳೆಂಬುದನ್ನು ವಂಶವೃಕ್ಷ ಬರೆಸುವಾಗಲೇ ಬಹಳ ಮನೆಗಳಲ್ಲಿ ಮರೆತುಬಿಡುತ್ತಾರೆ. ಅಜ್ಜಿ 2020ರಲ್ಲಿ ತೀರಿಕೊಂಡಾಗ ಅವರ ಐದನೆಯ ಒಂದು ಪಾಲು 15ನೇ ಕಲಮಿನ ಪ್ರಕಾರ ಅವರ ಮಕ್ಕಳಿಗೆ ಹೋಗುತ್ತದೆ: ಇಬ್ಬರು ಸೋದರತ್ತೆಯರಿಗೆ ಒಂದೊಂದು ಭಾಗ, ಮೊದಲೇ ತೀರಿಕೊಂಡ ಮಗನ ಪರವಾಗಿ ಆತನ ಮೂವರು ಮಕ್ಕಳಿಗೆ ಸೇರಿ ಒಂದು ಭಾಗ. ಮೊದಲೇ ತೀರಿಕೊಂಡ ಮಗನ ಹೆಂಡತಿ ಆ ಸಾಲಿನಲ್ಲಿ ಬರುವುದಿಲ್ಲವಾದ್ದರಿಂದ ನಿಮ್ಮ ತಾಯಿಯವರಿಗೆ ಅಜ್ಜಿಯ ಪಾಲಿನಿಂದ ಏನೂ ಸೇರದು. ಮನೆಯನ್ನು 45 ಭಾಗ ಮಾಡಿದರೆ ತಾಯಿಯವರಿಗೆ 9, ಮಕ್ಕಳು ಒಬ್ಬೊಬ್ಬರಿಗೆ 10, ಸೋದರತ್ತೆಯರು ಒಬ್ಬೊಬ್ಬರಿಗೆ 3 ಭಾಗ.

ಇನ್ನು ಜಮೀನು. "ತಾತನ ಕಾಲದ್ದು, ಆದ್ದರಿಂದ ಪಿತ್ರಾರ್ಜಿತ" ಎಂದು ನೀವು ಭಾವಿಸಿರಬಹುದು, ಎಲ್ಲರೂ ಹಾಗೆಯೇ ಭಾವಿಸುತ್ತಾರೆ. ಆದರೆ ತಾತನವರು ಸ್ವಂತಕ್ಕೆ ಕೊಂಡ ಸ್ವತ್ತು, 1956ರ ನಂತರ ಅವರು ತೀರಿಕೊಂಡಾಗ, 8ನೇ ಕಲಮಿನ ಪ್ರಕಾರ ಅವರ ವಾರಸುದಾರರಿಗೆ ವೈಯಕ್ತಿಕ ಆಸ್ತಿಯಾಗಿಯೇ ಬರುತ್ತದೆ, ಹುಟ್ಟಿನಿಂದ ಮೊಮ್ಮಕ್ಕಳಿಗೆ ಹಕ್ಕು ಬರುವ ಅವಿಭಕ್ತ ಆಸ್ತಿಯಾಗುವುದಿಲ್ಲ. ಸರ್ವೋಚ್ಚ ನ್ಯಾಯಾಲಯ ಇದನ್ನು 1986ರಲ್ಲಿ ಚಂದರ್ ಸೇನ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ 1978ರಲ್ಲಿಯೇ ಅಜ್ಜಿ, ನಿಮ್ಮ ತಂದೆ, ಇಬ್ಬರು ಸೋದರತ್ತೆಯರು ತಲಾ ನಾಲ್ಕನೆಯ ಒಂದು ಪಾಲಿಗೆ ಒಡೆಯರಾಗಿಬಿಟ್ಟಿದ್ದಾರೆ. ಪೌತಿ ಖಾತೆ ಒಬ್ಬರ ಹೆಸರಿಗೆ ಆದ ಮಾತ್ರಕ್ಕೆ ಉಳಿದವರ ಪಾಲು ಅಳಿಸಿಹೋಗುವುದಿಲ್ಲ.

ಆಮೇಲೆ ತಂದೆಯವರ ಕಾಲು ಭಾಗ ಐವರಿಗೆ ಹಂಚಿಹೋಯಿತು. ಅಜ್ಜಿಯ ಮೂಲ ಕಾಲು ಭಾಗವೂ ಮಗನಿಂದ ಬಂದ ಪಾಲೂ ಸೇರಿ 2020ರಲ್ಲಿ ಮೂರು ಕವಲುಗಳಿಗೆ ಹೋಯಿತು. ಮೂರು ಎಕರೆ ಅಂದರೆ 120 ಗುಂಟೆ. ಅದರಲ್ಲಿ ಸೋದರತ್ತೆಯರು ಒಬ್ಬೊಬ್ಬರಿಗೆ 42 ಗುಂಟೆ, ನಿಮ್ಮ ತಾಯಿಯವರಿಗೆ 6 ಗುಂಟೆ, ನೀವು ಮೂವರಿಗೆ ತಲಾ 10 ಗುಂಟೆ. ಪಹಣಿಯಲ್ಲಿ ನಾಲ್ಕು ದಶಕ ತಂದೆಯವರೊಬ್ಬರ ಹೆಸರಿದ್ದ ಜಮೀನಿನಲ್ಲಿ ನೂರಕ್ಕೆ ಎಪ್ಪತ್ತು ಪಾಲು ಸೋದರತ್ತೆಯರದು. ನಿಮ್ಮ ತಂಗಿಯೊಬ್ಬರಿಂದ ಬಿಡುಗಡೆ ಪತ್ರ ಮಾಡಿಸಿಕೊಂಡರೆ ನಿಮಗೆ ಸಿಗುವುದು ಆಕೆಯ 10 ಗುಂಟೆ ಮಾತ್ರ.

ಇಷ್ಟು ವರ್ಷ ನಾವೇ ಉಳುತ್ತಿದ್ದೇವೆ, ಆದ್ದರಿಂದ ನಮ್ಮದೇ ಆಗಲಿಲ್ಲವೆ ಎಂದು ಯಾರಾದರೂ ಕೇಳಬಹುದು. ಸಹಮಾಲೀಕನೊಬ್ಬನ ಸ್ವಾಧೀನವನ್ನು ಎಲ್ಲ ಸಹಮಾಲೀಕರ ಪರವಾದ ಸ್ವಾಧೀನವೆಂದೇ ಕಾನೂನು ಎಣಿಸುತ್ತದೆ. "ನಿಮಗೆ ಇದರಲ್ಲಿ ಹಕ್ಕಿಲ್ಲ" ಎಂದು ಅವರಿಗೆ ತಿಳಿಯುವಂತೆ ಬಹಿರಂಗವಾಗಿ ನಿರಾಕರಿಸಿ, ಅನಂತರ ಹನ್ನೆರಡು ವರ್ಷ ಕಳೆದಿದ್ದರೆ ಆ ವಾದಕ್ಕೆ ಜಾಗ. ಹಬ್ಬಕ್ಕೆ ಕರೆದು, ಮನೆಗೆ ಅಕ್ಕಿ ಕಳಿಸಿಕೊಡುತ್ತಿರುವ ಸಂಸಾರದಲ್ಲಿ ಅಂಥ ನಿರಾಕರಣೆ ನಡೆದಿರುವುದಿಲ್ಲ. ನನ್ನ ಲೆಕ್ಕ ನೀವು ತಿಳಿಸಿದ ಸಂಗತಿಗಳ ಮೇಲೆ ನಿಂತಿದೆ. ನಡುವೆ ಯಾವುದಾದರೂ ನೋಂದಾಯಿತ ವಿಭಾಗ ಪತ್ರವೋ ಉಯಿಲೋ ಹೊರಬಂದರೆ ಲೆಕ್ಕ ಬದಲಾಗುತ್ತದೆ.

ಸಾಗರದ ಓದುಗಿ

ಈ ಲೆಕ್ಕವನ್ನು ನಿಧಾನವಾಗಿ ಮತ್ತೊಮ್ಮೆ ಓದಿಕೊಂಡೆ. ನಮ್ಮ ಸೋದರತ್ತೆಯರು, ದೊಡ್ಡಮ್ಮಂದಿರು ಎಷ್ಟು ಜನ ತಮ್ಮದೇ ಜಮೀನಿನ ಅಕ್ಕಿಯನ್ನು ತವರಿನ ಉಡುಗೊರೆಯೆಂದು ಕೈಮುಗಿದು ತೆಗೆದುಕೊಂಡು ಹೋದರೋ ಎಂದು ಮನಸ್ಸಿಗೆ ನೋವಾಯಿತು. ಮೈಸೂರು ಸಂಸ್ಥಾನವು 1933ರಷ್ಟು ಹಿಂದೆಯೇ ಹಿಂದೂ ಮಹಿಳೆಯರ ಆಸ್ತಿ ಹಕ್ಕಿಗೆ ಪ್ರತ್ಯೇಕ ಕಾಯ್ದೆ ಮಾಡಿತ್ತು. ಅಂಥ ನಾಡಿನಲ್ಲಿ ಇಂದಿಗೂ ಹೆಣ್ಣುಮಕ್ಕಳ ಸಹಿಯನ್ನು ಒಂದು ಶಾಸ್ತ್ರವೆಂಬಂತೆ ಕೇಳುತ್ತಾರೆ.

ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಸಹೋದರಿಯರು ದಯವಿಟ್ಟು ಇದನ್ನು ಗಮನಿಸಿ. ನನ್ನ ಮುಂದೆ ಇಟ್ಟ ಕರಡಿನ ಮೂರನೆಯ ಪುಟದಲ್ಲಿ "ನನಗೆ ಬರತಕ್ಕ ಹಕ್ಕಿನ ಬಾಬ್ತು ಹಣವನ್ನು ಈಗಾಗಲೇ ಪೂರ್ಣವಾಗಿ ಪಡೆದುಕೊಂಡಿರುತ್ತೇನೆ" ಎಂಬ ಸಾಲಿತ್ತು. ಒಂದು ರೂಪಾಯಿಯೂ ನನ್ನ ಕೈಗೆ ಬಂದಿರಲಿಲ್ಲ. ಕೇಳಿದಾಗ "ಎಲ್ಲ ಪತ್ರಗಳಲ್ಲಿಯೂ ಹಾಗೆಯೇ ಬರೆಯುವುದು" ಎಂಬ ಉತ್ತರ ಬಂತು. ಪ್ರೀತಿಯಿಂದ ಬಿಡುವುದಾದರೆ ಪ್ರೀತಿಯಿಂದ ಬಿಟ್ಟಿದ್ದೇನೆ ಎಂದೇ ಬರೆಯಲಿ, ಹಣ ಕೊಟ್ಟಿದ್ದರೆ ಬ್ಯಾಂಕಿನ ಮೂಲಕ ಕೊಟ್ಟ ವಿವರವನ್ನು ಬರೆಯಲಿ. ನಾನು ಆ ಸಾಲು ತೆಗೆಸಿದ ಮೇಲೆಯೇ ಸಹಿ ಮಾಡಿದೆ, ಅದರಿಂದ ಅಣ್ಣನೊಂದಿಗಿನ ಬಾಂಧವ್ಯವೇನೂ ಕೆಡಲಿಲ್ಲ.

ನಿವೃತ್ತ ಉಪನೋಂದಣಾಧಿಕಾರಿ

ವಕೀಲೆಯವರು ಹಕ್ಕಿನ ವಿಷಯ ತಿಳಿಸಿದ್ದಾರೆ. ದಾಖಲೆಯ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ.

ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕೆಂಬ ದಾಖಲೆ. ಮನೆಯ ಖಾತೆ ತಾಯಿಯವರ ಹೆಸರಿನಲ್ಲಿರುವುದರಿಂದ ಅವರು ಇಡೀ ಮನೆಗೆ ಒಡತಿಯಾಗುವುದಿಲ್ಲ. ಪಹಣಿಯ ನಮೂದಿಗೆ ಭೂಕಂದಾಯ ಕಾಯ್ದೆಯ 133ನೇ ಕಲಮಿನಲ್ಲಿ ಸರಿಯೆಂಬ ಪೂರ್ವಭಾವನೆ ಇದೆ, ಆದರೆ ವಿರುದ್ಧ ಸಾಕ್ಷ್ಯ ಬಂದಾಗ ಅದು ನಿಲ್ಲುವುದಿಲ್ಲ. ನಾಡಕಚೇರಿಯಲ್ಲಿ ಗ್ರಾಮ ಆಡಳಿತ ಅಧಿಕಾರಿಯ ಮುಂದೆ ಬರೆದುಕೊಡುವ ಒಪ್ಪಿಗೆ ಪತ್ರವೂ ಖಾತೆ ಬದಲಾವಣೆಗೆ ಮಾತ್ರ. "ಅವಳು ಅವತ್ತೇ ಬರೆದುಕೊಟ್ಟಿದ್ದಾಳೆ" ಎಂದು ಹೇಳಿಕೊಂಡು ಬಂದವರಿಗೆ ನಾನು ಸೇವೆಯಲ್ಲಿದ್ದಾಗ ಇದನ್ನೇ ಹೇಳುತ್ತಿದ್ದೆ. ಸ್ಥಿರಾಸ್ತಿಯಲ್ಲಿ ನೂರು ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಹಕ್ಕನ್ನು ಬಿಟ್ಟುಕೊಡುವ ಪತ್ರವನ್ನು 1908ರ ನೋಂದಣಿ ಕಾಯ್ದೆಯ 17ನೇ ಕಲಮಿನ ಪ್ರಕಾರ ನೋಂದಾಯಿಸಲೇಬೇಕು. ಬಿಳಿ ಹಾಳೆಯ ಮೇಲಾಗಲಿ, ನೋಟರಿಯ ಮುಂದಾಗಲಿ ಬರೆದದ್ದು ಸಾಲದು.

ನಿಮ್ಮ ಪ್ರಕರಣದಲ್ಲಿ ಬಿಡುಗಡೆ ಪತ್ರಗಳ ಸಾಲಿಗಿಂತ ಎಲ್ಲ ಆರು ಮಂದಿಯೂ ಪಕ್ಷಗಾರರಾಗಿರುವ ಒಂದೇ ವಿಭಾಗ ಪತ್ರ ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಯಾರಿಂದ ಯಾರಿಗೆ ಹೇಗೆ ಬಂತೆಂಬ ಚರಿತ್ರೆ ಅದರ ಪೀಠಿಕೆಯಲ್ಲಿಯೇ ದಾಖಲಾಗುತ್ತದೆ, ಷೆಡ್ಯೂಲ್‌ಗಳಲ್ಲಿ ಚಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆ) ಸಮೇತ ಯಾರಿಗೆ ಯಾವುದೆಂದು ನಿಗದಿಯಾಗುತ್ತದೆ. ಮನೆ ಮೈಸೂರಿನಲ್ಲಿ, ಜಮೀನು ಮಂಡ್ಯ ಜಿಲ್ಲೆಯಲ್ಲಿ ಇದ್ದರೂ ಸ್ವತ್ತಿನ ಒಂದು ಭಾಗ ಇರುವ ಯಾವುದೇ ವ್ಯಾಪ್ತಿಯ ಕಚೇರಿಯಲ್ಲಿ ಇಂಥ ಪತ್ರವನ್ನು ಹಾಜರುಪಡಿಸಬಹುದು. ಕುಟುಂಬದೊಳಗಿನ ವಿಭಾಗ, ಬಿಡುಗಡೆ, ದಾನ ಪತ್ರಗಳಿಗೆ ಕ್ರಯಪತ್ರದಂತೆ ಬೆಲೆಯ ಮೇಲೆ ಶೇಕಡಾವಾರು ಮುದ್ರಾಂಕ ಶುಲ್ಕವಿಲ್ಲ, ನಗರ, ಪಟ್ಟಣ, ಗ್ರಾಮ ಎಂಬ ಭೇದದ ಮೇಲೆ ನಿಗದಿತ ಮೊತ್ತ ಇದೆ. ಆದರೆ "ಕುಟುಂಬ" ಎಂಬುದರ ವ್ಯಾಖ್ಯೆ ಒಂದೊಂದು ಬಗೆಯ ಪತ್ರಕ್ಕೆ ಒಂದೊಂದು ರೀತಿ ಇರುವುದರಿಂದ, ಸೋದರತ್ತೆ ಮತ್ತು ಅಣ್ಣನ ಮಕ್ಕಳ ಸಂಬಂಧ ಅದರಲ್ಲಿ ಬರುತ್ತದೆಯೇ ಎಂಬುದನ್ನು ಕರಡು ಬರೆಸುವ ಮೊದಲೇ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಸನಿವೇಲ್ ಕನ್ನಡಿಗ

ನಿಮ್ಮ ತಮ್ಮನವರಿಗೆ ಅನುಕೂಲವಾಗಬಹುದೆಂದು ಬರೆಯುತ್ತಿದ್ದೇನೆ. ಊರಿಗೆ ಬರಲಾಗದಿದ್ದರೆ ಅವರು ನಿಮಗೋ ನಂಬಿಗಸ್ತರಾದ ಬೇರೊಬ್ಬರಿಗೋ ಅಧಿಕಾರ ಪತ್ರ ಕೊಡಬಹುದು. ಅದು ಸಾಮಾನ್ಯ ಅಧಿಕಾರ ಪತ್ರವಾಗುವುದು ಬೇಡ. ಈ ಎರಡು ಸ್ವತ್ತುಗಳ ವಿಭಾಗ ಪತ್ರಕ್ಕೆ ಸಹಿ ಮಾಡಿ ನೋಂದಾಯಿಸಲು ಮಾತ್ರ ಎಂದು ಸ್ಪಷ್ಟವಾಗಿರುವ ವಿಶೇಷ ಅಧಿಕಾರ ಪತ್ರ ಸಾಕು. ಭಾರತೀಯ ಕಾನ್ಸುಲೇಟಿನ ಅಧಿಕಾರಿಯ ಅಥವಾ ನೋಟರಿಯ ಮುಂದೆ ಸಹಿ ಮಾಡಿ ದೃಢೀಕರಿಸಬೇಕು, ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿನ ಮುದ್ರಾಂಕ ಶುಲ್ಕ ಕಟ್ಟಬೇಕು. ಈ ಅವಧಿಯನ್ನು ಬಹಳ ಜನ ಮೀರಿಬಿಡುತ್ತಾರೆ. ಅಧಿಕಾರ ಕೊಟ್ಟವರು ತೀರಿಕೊಂಡರೆ ಸಾಮಾನ್ಯವಾಗಿ ಆ ಪತ್ರವೂ ಅಲ್ಲಿಗೆ ಮುಗಿಯುತ್ತದೆ ಎಂಬುದು ನೆನಪಿರಲಿ.

ಅನಿವಾಸಿಗಳು ಕೃಷಿ ಜಮೀನನ್ನು ಕೊಳ್ಳುವಂತಿಲ್ಲ, ಆದರೆ ವಾರಸಿನಿಂದ ಬಂದದ್ದನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಆದ್ದರಿಂದ ಅವರ 10 ಗುಂಟೆಯ ಬಗ್ಗೆ ಆತಂಕ ಬೇಡ. ಮುಂದೆ ಮೈಸೂರಿನ ಪಾಲನ್ನು ಮಾರಿದರೆ, ಆ ಹಣ ಅವರ ಎನ್‌ಆರ್‌ಒ ಖಾತೆಗೆ (ಅನಿವಾಸಿಗಳು ಭಾರತದಲ್ಲಿನ ಹಣಕ್ಕಾಗಿ ಇಡುವ ಬ್ಯಾಂಕ್ ಖಾತೆ) ಬಂದು, ತೆರಿಗೆ ಕಟ್ಟಿದ ಮೇಲೆ ಆರ್ಥಿಕ ವರ್ಷವೊಂದಕ್ಕೆ ಹತ್ತು ಲಕ್ಷ ಡಾಲರ್ ಮಿತಿಯೊಳಗೆ ಹೊರಗೆ ಕಳಿಸಬಹುದು.

ಒಂಟಿಕೊಪ್ಪಲಿನವ

ಎಲ್ಲರಿಗೂ ಕೃತಜ್ಞತೆಗಳು. ಸೋದರತ್ತೆಯರ ಪಾಲಿನ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ತಾಯಿಯವರಿಗೆ ಓದಿ ಹೇಳಿದೆ. "ಅವರದು ಅವರಿಗೆ ಹೋಗಲಿ" ಎಂದರು. ಇನ್ನೊಂದು ಪ್ರಶ್ನೆ: ವಿಭಾಗವಾದ ಮೇಲೆ ತಾಯಿಯವರು ತಮ್ಮ ಪಾಲನ್ನು ಉಯಿಲು ಬರೆಯುವುದು ಒಳ್ಳೆಯದೋ, ಈಗಲೇ ದಾನಪತ್ರ ಮಾಡುವುದು ಒಳ್ಳೆಯದೋ?

ಸಿವಿಲ್ ವಕೀಲೆ, ಮಂಡ್ಯ

ನಿಮ್ಮ ತಾಯಿಯವರಿಗೆ ನಾನು ಹೇಳುವುದು ಉಯಿಲು. ದಾನಪತ್ರ ನೋಂದಣಿಯಾಗಿ, ಪಡೆದವರು ಒಪ್ಪಿಕೊಂಡ ಕ್ಷಣವೇ ಸ್ವತ್ತು ಕೈಬಿಟ್ಟು ಹೋಗುತ್ತದೆ, ಮನಸ್ಸು ಬದಲಾಯಿತೆಂದು ಹಿಂದಕ್ಕೆ ಪಡೆಯಲು ಬರುವುದಿಲ್ಲ. ಉಯಿಲು ಅವರ ಕಾಲಾನಂತರ ಜಾರಿಗೆ ಬರುವಂಥದ್ದು, ಅಲ್ಲಿಯವರೆಗೆ ಮನೆಯ ಪಾಲು ಅವರದೇ, ಎಷ್ಟು ಸಲ ಬೇಕಾದರೂ ಬದಲಿಸಿ ಬರೆಯಬಹುದು. 71ನೆಯ ವಯಸ್ಸಿನಲ್ಲಿ ತಲೆಯ ಮೇಲಿನ ಸೂರನ್ನು ಮಕ್ಕಳ ಹೆಸರಿಗೆ ಮಾಡಿ ಬರಿಗೈಯಲ್ಲಿ ಕೂರುವ ಅಗತ್ಯ ಯಾವ ತಾಯಿಗೂ ಇಲ್ಲ. ಮಕ್ಕಳು ಎಷ್ಟೇ ಒಳ್ಳೆಯವರಿರಲಿ, ನಾಳೆಯ ಆರೋಗ್ಯ, ಸಾಲ, ಸೊಸೆ ಅಳಿಯಂದಿರ ಸ್ಥಿತಿಗತಿ ಯಾರಿಗೂ ತಿಳಿಯದು.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನ ಪ್ರಕಾರ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕು. ಬರೆದವರು ಸಹಿ ಮಾಡಿದ್ದನ್ನು ಅವರಿಬ್ಬರೂ ಕಣ್ಣಾರೆ ಕಂಡಿರಬೇಕು, ಇಲ್ಲವೇ ಇದು ತಮ್ಮ ಸಹಿಯೆಂದು ಬರೆದವರು ಅವರಿಗೆ ಒಪ್ಪಿಕೊಂಡಿರಬೇಕು. ಆಮೇಲೆ ಸಾಕ್ಷಿಗಳು ಬರೆದವರ ಎದುರಿನಲ್ಲಿಯೇ ಸಹಿ ಮಾಡಬೇಕು. ವ್ಯಾಜ್ಯ ಬಂದಾಗ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯಕ್ಕೆ ಬಂದು ಹೇಳಬೇಕಾಗುತ್ತದೆ, ಹಾಗಾಗಿ ಬರೆಸುವವರಿಗಿಂತ ಚಿಕ್ಕ ವಯಸ್ಸಿನ, ಆಸ್ತಿಯಲ್ಲಿ ಪಾಲಿಲ್ಲದ, ವಿಳಾಸ ಸಿಗುವಂಥ ಇಬ್ಬರನ್ನು ಆರಿಸಿಕೊಳ್ಳಿ. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್, ಅಂದರೆ ಉಯಿಲು ನಿಜವೆಂಬ ನ್ಯಾಯಾಲಯದ ದೃಢೀಕರಣ, ಕಡ್ಡಾಯವಿಲ್ಲ.

ನೋಂದಾಯಿಸಿದ ಉಯಿಲನ್ನು ಯಾರೂ ಅಲ್ಲಾಡಿಸಲಾರರೆಂಬ ನಂಬಿಕೆಯೊಂದಿದೆ. ಅದು ಪೂರ್ತಿ ನಿಜವಲ್ಲ. ಉಯಿಲಿನ ಕಾನೂನಿನಲ್ಲಿ ಇಂದಿಗೂ ದೇಶದ ಎಲ್ಲ ನ್ಯಾಯಾಲಯಗಳೂ ನೆಚ್ಚುವ ತೀರ್ಪು ನಮ್ಮ ಮೈಸೂರು ರಾಜ್ಯದಿಂದಲೇ ಹೋದದ್ದು: 1959ರ ಕಾನೂನು ವರದಿಗಳಲ್ಲಿ ಪ್ರಕಟವಾದ, ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಪ್ರಕರಣ. ಉಯಿಲಿನ ಸುತ್ತ ಸಂಶಯಾಸ್ಪದ ಸಂದರ್ಭಗಳಿದ್ದರೆ ಅವುಗಳನ್ನು ನಿವಾರಿಸುವ ಹೊಣೆ ಅದನ್ನು ಮುಂದಿಟ್ಟವರದೇ ಎಂಬ ತತ್ವವನ್ನು ಸರ್ವೋಚ್ಚ ನ್ಯಾಯಾಲಯ ಅಲ್ಲಿ ವಿಸ್ತಾರವಾಗಿ ಹೇಳಿತು. ಲಾಭ ಪಡೆಯುವ ಮಗನೇ ಉಯಿಲು ಬರೆಸಲು ಮುಂದೆ ನಿಂತು ಓಡಾಡಿರುವುದು, ಕಾರಣ ಹೇಳದೆ ಒಬ್ಬ ಮಗಳನ್ನು ಬಿಟ್ಟಿರುವುದು, ಬರೆದವರು ಆಸ್ಪತ್ರೆಯಲ್ಲಿದ್ದದ್ದು, ಇವೆಲ್ಲ ಅಂಥ ಸಂದರ್ಭಗಳು. ಆದ್ದರಿಂದ ನಿಮ್ಮ ತಾಯಿಯವರು ತಾವೇ ವಕೀಲರೊಡನೆ ಏಕಾಂತದಲ್ಲಿ ಮಾತನಾಡಲಿ. ನೀವು ಆ ಕೋಣೆಯಲ್ಲಿ ಇರಬೇಡಿ. ತಂಗಿಗೆ ಕೊಡದಿದ್ದರೆ ಏಕೆಂಬುದನ್ನು ತಮ್ಮ ಮಾತಿನಲ್ಲಿಯೇ ಎರಡು ಸಾಲು ಬರೆಯಿಸಲಿ. ಅದೇ ದಿನಾಂಕದ ವೈದ್ಯರ ದೃಢೀಕರಣವಿದ್ದರೆ ಇನ್ನೂ ಒಳ್ಳೆಯದು. ಹೆಸರಿಸದೆ ಉಳಿದ ಒಡವೆ, ಠೇವಣಿ ಯಾರಿಗೆಂಬ ಸಾಲನ್ನೂ ಮರೆಯಬಾರದು.

ಧಾರವಾಡದ ಹಿರಿಯ ನಾಗರಿಕ

ವಕೀಲೆಯವರ ಮಾತಿಗೆ ನನ್ನ ಪೂರ್ಣ ಸಹಮತ. ದಾನಪತ್ರ ಮಾಡಿಕೊಟ್ಟ ಮೇಲೆ ತೊಂದರೆಗೆ ಸಿಕ್ಕ ಹಿರಿಯರಿಗೆ ಒಂದು ದಾರಿ ಇದೆಯೆಂಬುದನ್ನು ಇಲ್ಲಿ ತಿಳಿಸಬೇಕೆನಿಸಿತು. 2007ರ ತಂದೆತಾಯಿಯರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ 23ನೇ ಕಲಮಿನ ಪ್ರಕಾರ, ಆರೈಕೆ ಮಾಡಬೇಕೆಂಬ ಷರತ್ತಿನ ಮೇಲೆ ಸ್ವತ್ತು ಬರೆದುಕೊಟ್ಟು, ಪಡೆದವರು ಆರೈಕೆ ಮಾಡದಿದ್ದರೆ, ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ಆ ಪತ್ರವನ್ನು ರದ್ದುಪಡಿಸಬಹುದು. ಷರತ್ತು ಇದ್ದದ್ದು ತೋರಿಬರಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರ ಡಿಸೆಂಬರ್‌ನಲ್ಲಿ ಹೇಳಿತು, 2025ರ ಜನವರಿಯಲ್ಲಿ ಮತ್ತೊಂದು ಪ್ರಕರಣದಲ್ಲಿ ಈ ಕಲಮನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದಿತು. ತೀರ್ಪುಗಳ ನಡುವಿನ ಈ ಎಳೆದಾಟದಲ್ಲಿ ಸಿಕ್ಕಿಕೊಳ್ಳುವ ಬದಲು, ದಾನಪತ್ರ ಮಾಡಲೇಬೇಕೆಂದಾದರೆ ಆರೈಕೆಯ ಷರತ್ತನ್ನೂ ತಮ್ಮ ಜೀವಮಾನವಿಡೀ ಅದೇ ಮನೆಯಲ್ಲಿ ವಾಸಿಸುವ ಹಕ್ಕನ್ನೂ ಪತ್ರದಲ್ಲಿಯೇ ಬರೆಸಿಕೊಳ್ಳಿ. ಹಾಗೆ ಬರೆಸಲು ಮಕ್ಕಳ ಮುಂದೆ ಸಂಕೋಚ ಪಡಬೇಡಿರಿ.

ತುಮಕೂರಿನ ಖರೀದಿದಾರ

ಇದೇ ವಿಷಯಕ್ಕೆ ಹತ್ತಿರವಾದ ಪ್ರಶ್ನೆ. ನಾನು ಕೊಳ್ಳಬೇಕೆಂದಿರುವ ನಿವೇಶನ ಮಾರುವವರಿಗೆ ತಂದೆಯಿಂದ ಬಂದದ್ದು. ಖಾತೆ ಅವರ ಹೆಸರಿನಲ್ಲಿದೆ, ಋಣಭಾರ ಪ್ರಮಾಣಪತ್ರದಲ್ಲಿ ಯಾವ ಅಡಮಾನವೂ ಇಲ್ಲ. ಇಷ್ಟು ಸಾಕೆ?

ನಿವೃತ್ತ ಉಪನೋಂದಣಾಧಿಕಾರಿ

ಸಾಲದು. ಋಣಭಾರ ಪ್ರಮಾಣಪತ್ರದಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರಗಳು ಮಾತ್ರ. ನೋಂದಾಯಿಸದ ಉಯಿಲು, ಸಿವಿಲ್ ನ್ಯಾಯಾಲಯದಲ್ಲಿ ನಡೆಯುತ್ತಿರುವ ಪಾಲಿನ ದಾವೆ, ಹೆಸರೇ ಬಾರದೆ ಉಳಿದ ಅಕ್ಕತಂಗಿಯರು ಅದರಲ್ಲಿ ಕಾಣುವುದಿಲ್ಲ. ದಾವೆ ಬಾಕಿಯಿರುವಾಗ ಕೊಂಡರೆ ಅದರ ತೀರ್ಪಿಗೆ ನೀವೂ ಬದ್ಧರಾಗುತ್ತೀರಿ. ಮಾರುವವರ ತಂದೆ ತೀರಿಕೊಂಡ ದಿನಾಂಕ ಕೇಳಿ, ಆ ದಿನ ಯಾರ್ಯಾರು ಬದುಕಿದ್ದರೆಂದು ಬರೆದುಕೊಳ್ಳಿ, ಅವರೆಲ್ಲರೂ ಕ್ರಯಪತ್ರಕ್ಕೆ ಮಾರಾಟಗಾರರಾಗಿಯೇ ಸಹಿ ಮಾಡಲಿ. "ಒಪ್ಪಿಗೆದಾರರು" ಎಂದು ಸಹಿ ಹಾಕಿಸುವ ರೂಢಿಗೆ ಒಪ್ಪಬೇಡಿ. ವಾರಸುದಾರರಲ್ಲಿ ಅಪ್ರಾಪ್ತ ವಯಸ್ಸಿನ ಮಗು ಇದ್ದರೆ ಅದರ ಪಾಲು ಮಾರಲು ಸಹಜ ಪೋಷಕರು ನ್ಯಾಯಾಲಯದ ಅನುಮತಿ ಪಡೆಯಬೇಕು. ಇಲ್ಲದಿದ್ದರೆ ಆ ಮಗು ಪ್ರಾಪ್ತ ವಯಸ್ಸಿಗೆ ಬಂದ ಮೇಲೆ ಮೂರು ವರ್ಷದೊಳಗೆ ಮಾರಾಟವನ್ನು ಪ್ರಶ್ನಿಸಬಹುದು. ಅಧಿಕಾರ ಪತ್ರ ಮತ್ತು ಕರಾರಿನ ಮೇಲೆ ಮಾತ್ರ ಕೊಳ್ಳುವ ಸಲಹೆ ಯಾರಾದರೂ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ. ಅದರಿಂದ ಒಡೆತನ ಬರುವುದಿಲ್ಲವೆಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ 2011ರಲ್ಲಿಯೇ ತೀರ್ಮಾನವಾಗಿದೆ.

ಭಟ್ಕಳದವರು

ಇಲ್ಲಿನ ಚರ್ಚೆಯೆಲ್ಲ ಹಿಂದೂ ಉತ್ತರಾಧಿಕಾರ ಕಾಯ್ದೆಯದು ಎಂಬುದನ್ನು ಬೇರೆ ಓದುಗರು ಗಮನಿಸಬೇಕು. ನಮ್ಮಲ್ಲಿ, ಅಂದರೆ ಮುಸ್ಲಿಮರಲ್ಲಿ, ಅಂತ್ಯಕ್ರಿಯೆಯ ಖರ್ಚು ಮತ್ತು ಸಾಲ ಕಳೆದು ಉಳಿದದ್ದರ ಮೂರನೆಯ ಒಂದು ಭಾಗಕ್ಕಷ್ಟೇ ಉಯಿಲು ಬರೆಯಬಹುದು. ಹನಫಿ ಪಂಥದ ಪ್ರಕಾರ ವಾರಸುದಾರರಿಗೆ ಬರೆಯುವುದಾದರೆ ಉಳಿದ ವಾರಸುದಾರರು ಒಪ್ಪಬೇಕು. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಅನ್ವಯಿಸುತ್ತದೆ.

ಕಡಲತೀರ, ಉಡುಪಿ

ಹಾಗೆಯೇ ನಮ್ಮ ಕಡೆಯ ಅಳಿಯಸಂತಾನ ಕುಟುಂಬಗಳ ಆಸ್ತಿಗೆ 1956ರ ಕಾಯ್ದೆಯಲ್ಲಿಯೇ 7 ಮತ್ತು 17ನೇ ಕಲಮುಗಳ ಪ್ರತ್ಯೇಕ ನಿಯಮಗಳಿವೆ. ಕವರಿನ (ತಾಯಿಯ ಕಡೆಯ ಕವಲಿನ) ಆಸ್ತಿಯ ಪ್ರಶ್ನೆ ಇರುವವರು ಮೇಲಿನ ಲೆಕ್ಕವನ್ನು ಹಾಗೆಯೇ ತಮ್ಮ ಮನೆಗೆ ಹೊಂದಿಸಿಕೊಳ್ಳಬಾರದು.

ಸಾಗರದ ಓದುಗಿ

ಬ್ಯಾಂಕಿನ ಠೇವಣಿಗೆ ತಾವೇ ನಾಮನಿರ್ದೇಶಿತರೆಂದು ನಮ್ಮ ಬಂಧುವೊಬ್ಬರು ಇಡೀ ಹಣ ತಮ್ಮದೆಂದು ಹೇಳುತ್ತಿದ್ದಾರೆ. ಇದು ಸರಿಯೆ?

ಸಿವಿಲ್ ವಕೀಲೆ, ಮಂಡ್ಯ

ಸರಿಯಲ್ಲ. ನಾಮನಿರ್ದೇಶಿತರು ಹಣವನ್ನು ಬ್ಯಾಂಕಿನಿಂದ ಪಡೆಯಲು ಅರ್ಹರು, ಒಡೆಯರಲ್ಲ. ಪಡೆದದ್ದನ್ನು ಉಯಿಲಿನ ಅಥವಾ ವಾರಸಿನ ಪ್ರಕಾರ ಹಂಚಬೇಕು. ಷೇರುಗಳ ವಿಷಯದಲ್ಲಿಯೂ ಇದನ್ನೇ ಸರ್ವೋಚ್ಚ ನ್ಯಾಯಾಲಯ ಡಿಸೆಂಬರ್ 2023ರಲ್ಲಿ ಎತ್ತಿಹಿಡಿದಿದೆ. 1 ನವೆಂಬರ್ 2025ರಿಂದ ಬ್ಯಾಂಕ್ ಖಾತೆಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡಬಹುದು. ಜೀವವಿಮೆಯಲ್ಲಿ ಮಾತ್ರ, ತಂದೆತಾಯಿ, ಸಂಗಾತಿ ಅಥವಾ ಮಕ್ಕಳನ್ನು ಹೆಸರಿಸಿದ್ದರೆ, 2015ರ ತಿದ್ದುಪಡಿಯ ನಂತರ ಸ್ಥಿತಿ ಬೇರೆ.

ಒಂಟಿಕೊಪ್ಪಲಿನವ

ಇಬ್ಬರು ಸೋದರತ್ತೆಯರೊಡನೆ ಮಾತನಾಡಿದೆವು. ದೊಡ್ಡತ್ತೆ ತಮಗೆ ಜಮೀನೇ ಬೇಕು, ಮೊಮ್ಮಗ ತೋಟ ಮಾಡುತ್ತಾನೆ ಎಂದರು. ಚಿಕ್ಕತ್ತೆ ತಮ್ಮ ಪಾಲಿಗೆ ಹಣ ಕೊಟ್ಟರೆ ಸಾಕೆಂದರು. ಮನೆಯಲ್ಲಿನ ತಮ್ಮ ಸಣ್ಣ ಪಾಲನ್ನು ಇಬ್ಬರೂ ತಾಯಿಯವರಿಗೆ ಬಿಟ್ಟುಕೊಡುವುದಾಗಿ ಹೇಳಿದ್ದಾರೆ. ತಂಗಿ ತನ್ನ 10 ಗುಂಟೆಯನ್ನು ಇಟ್ಟುಕೊಳ್ಳಲಿ ಎಂದು ನಾವೇ ಹೇಳಿದೆವು. ಇದನ್ನೆಲ್ಲ ಒಂದೇ ಪತ್ರದಲ್ಲಿ ತರಬಹುದೆ?

ನಿವೃತ್ತ ಉಪನೋಂದಣಾಧಿಕಾರಿ

ತರಬಹುದು, ಆದರೆ ಕ್ರಮ ತಪ್ಪಬಾರದು. ಮೊದಲು ತಾತ, ತಂದೆ, ಅಜ್ಜಿ ಮೂವರ ಮರಣ ಪ್ರಮಾಣಪತ್ರ ಮತ್ತು ಸೋದರತ್ತೆಯರ ಹೆಸರಿರುವ ವಂಶವೃಕ್ಷ ಪಡೆದುಕೊಳ್ಳಿ. ಸರ್ವೆ ನಂಬರನ್ನು ಒಡೆಯುವುದರಿಂದ 11ಇ ನಕ್ಷೆಗೆ (ಒಡೆದ ಭಾಗಗಳನ್ನು ತೋರಿಸುವ ಸರ್ವೆ ಇಲಾಖೆಯ ನಕ್ಷೆ) ಅರ್ಜಿ ಹಾಕಿ, ದೊಡ್ಡತ್ತೆಯವರ 42 ಗುಂಟೆ ಯಾವ ಮಗ್ಗುಲಿಗೆ ಬರುತ್ತದೆ, ದಾರಿ ಎಲ್ಲಿ, ಕೊಳವೆ ಬಾವಿಯ ನೀರು ಯಾರಿಗೆ ಎಂಬುದನ್ನು ಸ್ಥಳದಲ್ಲಿಯೇ ನಿಂತು ಒಪ್ಪಿಕೊಳ್ಳಿ. ನಾನು ಕಂಡ ಪಾಲಿನ ಜಗಳಗಳಲ್ಲಿ ಹೆಚ್ಚಿನವು ಗುಂಟೆಯ ಲೆಕ್ಕದಿಂದಲ್ಲ, ದಾರಿ ಮತ್ತು ನೀರಿನಿಂದ ಹುಟ್ಟಿದಂಥವು. ಮನೆಗೆ ಇ-ಖಾತೆ ಮಾಡಿಸಿಟ್ಟುಕೊಂಡಿರಿ.

ಚಿಕ್ಕತ್ತೆಯವರಿಗೆ ಕೊಡುವ ಹಣ ಬ್ಯಾಂಕಿನ ಮೂಲಕ ಹೋಗಲಿ. ಮೊತ್ತ, ದಿನಾಂಕ ಮತ್ತು ಯಾರು ಕೊಟ್ಟರೆಂಬುದು ಪತ್ರದಲ್ಲಿ ಬರಲಿ. ಅವರ 42 ಗುಂಟೆ ನಿಮ್ಮೊಬ್ಬರಿಗೋ ಮೂವರು ಮಕ್ಕಳಿಗೋ ಎಂಬುದನ್ನೂ ಸ್ಪಷ್ಟಪಡಿಸಿ. ಇಬ್ಬರೂ ಅತ್ತೆಯರಿಗೆ ಕರಡನ್ನು ಒಂದು ವಾರ ಮೊದಲೇ ಕಳಿಸಿ, ಬೇಕಾದರೆ ಅವರು ತಮ್ಮದೇ ವಕೀಲರಿಗೆ ತೋರಿಸಲಿ. ಸಹಿಯಾದ ನಾಲ್ಕು ತಿಂಗಳೊಳಗೆ ಪತ್ರವನ್ನು ನೋಂದಣಿಗೆ ಹಾಜರುಪಡಿಸಬೇಕು. ತಮ್ಮನವರ ಅಧಿಕಾರ ಪತ್ರ ಕೈಗೆ ಬಂದು, ಅದರ ಮುದ್ರಾಂಕ ಶುಲ್ಕ ಕಟ್ಟಿದ ಮೇಲೆಯೇ ಸಹಿಯ ದಿನವನ್ನು ಗೊತ್ತುಮಾಡಿ. ನೋಂದಣಿಯಾದ ಮೇಲೆ ಮ್ಯುಟೇಷನ್ (ಖಾತೆ ಬದಲಾವಣೆ) ತಾನಾಗಿ ಆಗಿರುತ್ತದೆಂದು ಬಿಡದೆ, ಬರಬೇಕಾದ ಹೆಸರುಗಳೆಲ್ಲ ಪಹಣಿಯಲ್ಲಿಯೂ ಖಾತೆಯಲ್ಲಿಯೂ ಸರಿಯಾಗಿ ಬಂದಿವೆಯೇ ಎಂದು ನೋಡಿಕೊಳ್ಳಿ. ತಾಯಿಯವರ ಉಯಿಲನ್ನು ಅದಾದ ಮೇಲೆ ಬರೆಸಿ, ಆಗ ಅದರಲ್ಲಿ ಅವರ ಸ್ವತ್ತಿನ ವಿವರವನ್ನು ವಿಭಾಗ ಪತ್ರದ ಷೆಡ್ಯೂಲಿನಿಂದ ಅಕ್ಷರಶಃ ತೆಗೆದುಕೊಳ್ಳಬಹುದು.